ಹೊಸ್ತಿಲಿನ ತೂಕ

ರೂವಿಯ ಹಮ್ರಿಯಾದಲ್ಲಿ ಮೂರನೇ ಮಹಡಿ,
ಪ್ಲೈವುಡ್ಡಿನಿಂದ ಎರಡಾದ ಒಂದು ಕೋಣೆ.
ಆಗಸ್ಟ್. ತಣ್ಣೀರಿನ ನಲ್ಲಿಯಲ್ಲೂ ಸುಡುನೀರು.
ಗೀಸರು ಆರಿಸಿ, ಅದರ ಹೊಟ್ಟೆಯಲ್ಲಿ ತಣಿದದ್ದನ್ನು
ಮಗ್ಗಿನಲ್ಲಿ ಅಳೆದು ಹಂಚಿಕೊಳ್ಳುವ ನಾಲ್ವರು:
ರಾತ್ರಿಪಾಳಿಯ ನರ್ಸು ಐರಿನ್ ಕುಟಿನ್ಹ,
ಅಬಾಯಾಕ್ಕೆ ಮಣಿ ಹೊಲಿಯುವ ನಿಲ್ಮಿನಿ,
ಪಾರ್ಲರಿನ ಮಾರಿಸೆಲ್, ಅವಳ ಉಗುರಿಗೆ ದಿನಕ್ಕೊಂದು ಬಣ್ಣ,
ಮತ್ತೆ ನಾನು, ಒಂಬತ್ತನೇ ಕ್ಲಾಸಿನ ಫಿಸಿಕ್ಸ್ ಮಿಸ್.
ಅರ್ಧಕ್ಕೆ ನಿಂತ ಪಿಎಚ್‌ಡಿ
ಸೂಟ್‌ಕೇಸಿನ ತಳದಲ್ಲಿ, ಈ ಊರಲ್ಲಿ ಬೇಡದ ಸ್ವೆಟರಿನಡಿ.

ಬಲದಿಯಾದ ಹುಡುಗ ಬಂದ. ಬಿಳಿ ದಿಶ್‌ದಾಶಾ,
ಕಸೂತಿ ಟೋಪಿ, ಕೈಯಲ್ಲಿ ಫಾರಮು.
ಚಪ್ಪಲಿ ಬಿಡಲೋ ಬೇಡವೋ ಎಂದು
ಹೊಸ್ತಿಲ ಮೇಲೆಯೇ ನಿಂತ.
"ಫ್ಯಾಮಿಲಿಯಾ, ಬ್ಯಾಚುಲರಾ?"
ಎರಡೇ ಚೌಕ ಅವನ ಬಳಿ.
ಐರಿನ್ ನನ್ನ ಮುಖ ನೋಡಿದಳು, ನಾನು ಫಾರಮಿನ ಮುಖ.

ನಮಗೂ ಎರಡೇ ಚೌಕವಿತ್ತು, ತುಂಬ ಕಾಲ.
ಕ್ವಾರ್ಕು ಪ್ರತಿಕ್ವಾರ್ಕು ಜೊತೆಯಾದರೆ ಮೆಸಾನ್,
ಕ್ವಾರ್ಕು ಮೂರು ಕೂಡಿದರೆ ಬೇರಿಯಾನ್,
ಪ್ರೋಟಾನು ಆ ಪೈಕಿ. ಕಿಟಕಿಯಾಚೆಯ ಬೋಳು ಬೆಟ್ಟ,
ನನ್ನ ಕತ್ತಿನ ಬೆವರು, ಎಲ್ಲ ಅದರದ್ದೇ ಸಂಸಾರ.
ಬಣ್ಣ ಹೊತ್ತವರು ಒಂಟಿಯಾಗಿ ಹೊರಗೆ ಬರುವಂತಿಲ್ಲ,
ಕೂಡಿ ಬೆಳ್ಳಗಾಗಿಯೇ ಬರಬೇಕು.
ಎಳೆದು ಬಿಡಿಸಹೋದರೆ ಎಳೆದ ಶ್ರಮವೇ
ಹೊಸ ಜೊತೆಯಾಗಿ ಹುಟ್ಟುತ್ತದೆ.
(ಇದನ್ನು ಕೇಳಿ ಮಾರಿಸೆಲ್ ನಕ್ಕಿದ್ದಳು:
ನನ್ನನ್ನು ಎಳೆದು ತಂದಾಗ ಹುಟ್ಟಿದ್ದು
ಏಜೆಂಟನ ಸಾಲ ಮಾತ್ರ.)

ಆಮೇಲೆ ಸಿಕ್ಕಿತು ಆ ಕಣ. ಎಕ್ಸ್ ಅಂದರು,
ಗೊತ್ತಿಲ್ಲದ್ದಕ್ಕೆ ಇಡುವ ಹೆಸರು, ಮುಂದೆ ಅದರ ತೂಕದ ಅಂಕಿ.
ಒಳಗೆ ನಾಲ್ವರಿದ್ದಾರೆಂಬ ಗುಮಾನಿ.
ಒಂದೇ ಚಾಪೆಯ ಮೇಲೆ ಒತ್ತಿ ಮಲಗಿದ ನಾಲ್ವರೋ,
ಎರಡು ಜೋಡಿಯೋ? ನಡುವೆ ಪ್ಲೈವುಡ್ಡು,
ಪಯಾನ್ ಎಂಬ ಕಡದ ಸಕ್ಕರೆಯನ್ನು
ಅತ್ತಿತ್ತ ದಾಟಿಸುತ್ತ, ಅಷ್ಟರ ಋಣಕ್ಕೇ
ಹತ್ತಿರ ಉಳಿದವರೋ?
ತೂಗಿ ನೋಡಿದರು.
ಎರಡು ಡಿ-ಮೆಸಾನುಗಳನ್ನು ಬೇರೆಬೇರೆ ತೂಗಿ
ಕೂಡಿದರೆ ಎಷ್ಟೋ, ಹೆಚ್ಚುಕಮ್ಮಿ ಅಷ್ಟೇ.
ಕೂಡಿದ್ದಕ್ಕೆ ಕಳೆದುಕೊಂಡದ್ದು
ಇಲ್ಲವೇ ಇಲ್ಲವೆನ್ನುವಷ್ಟು.
ಒಳಗೂ ಅಲ್ಲ, ಹೊರಗೂ ಅಲ್ಲ,
ಸರಿಯಾಗಿ ಹೊಸ್ತಿಲ ಮೇಲೆ.

ಆ ಕೂದಲೆಳೆಯಲ್ಲಿ ಹೋಯಿತು ನನ್ನ ನಾಲ್ಕು ವರ್ಷ.
ಲೆಕ್ಕ ಒಮ್ಮೆ ಒಳಗೆ ಬಿತ್ತು, ಒಮ್ಮೆ ಹೊರಗೆ.
ಗೈಡು ಕನ್ನಡಕ ಒರೆಸುತ್ತ "ಇನ್ನೊಮ್ಮೆ" ಅಂದರು.
ಅಷ್ಟರಲ್ಲಿ ತಮ್ಮನ ಡಯಾಲಿಸಿಸ್. ವೀಸಾ.

ಒಡೆದಾಗ ತಿಳಿಯುತ್ತದೆ, ಅನ್ನುತ್ತಾರೆ.
ಯಾರು ಯಾರ ಜೊತೆ ಹೊರಬಿದ್ದರು ಅಂತ ಎಣಿಸಿ
ಒಳಗೆ ಹೇಗಿದ್ದರು ಅಂತ ಊಹಿಸಬೇಕು.
ನಾವು ಒಡೆದದ್ದು ಅಕ್ಟೋಬರಿನಲ್ಲಿ,
ನಿಲ್ಮಿನಿಯ ಅಂಗಡಿ ಮುಚ್ಚಿದ ವಾರ.
ರೈಸ್ ಕುಕ್ಕರು ಕೊಂಡವಳು ಐರಿನ್, ಒಯ್ದವಳು ಮಾರಿಸೆಲ್.
ಮಣಿಡಬ್ಬಿ ನನ್ನಲ್ಲೇ ಉಳಿಯಿತು, ಕಪ್ಪು ಮಣಿ, ಅರ್ಧ ಡಬ್ಬಿ.
ಏರ್‌ಪೋರ್ಟಿಗೆ ನಿಲ್ಮಿನಿ ತೊಟ್ಟುಹೋದದ್ದು
ಐರಿನಳ ಆಸ್ಪತ್ರೆ ಚಪ್ಪಲಿ.
ಹತ್ತು ರಿಯಾಲು ಯಾರದೋ ಯಾರಲ್ಲೋ, ಯಾರೂ ಕೇಳಲಿಲ್ಲ.
ಹಳೆಯ ಚಾಳಿ, ಪರೀಕ್ಷೆ ಪೇಪರಿನ ಹಿಂದೆ ಗೀಟೆಳೆದು ನೋಡಿದೆ.
ಜೋಡಿ ಎನ್ನಲು ಒಂದಷ್ಟು ಪುರಾವೆ,
ಗಂಟು ಎನ್ನಲೂ ಅಷ್ಟೇ.
ಎರಡೂ ಇದ್ದೀತು ಎನ್ನುವವರಿದ್ದಾರೆ ಈಗ.
ನನ್ನ ಕಾಲದಲ್ಲಿ ಅದು ಸೋತವರ ಮಾತಾಗಿತ್ತು.

ಆ ದಿನ ಹುಡುಗ ನೀರು ಕೇಳಿದ.
ನಿಲ್ಮಿನಿ ಗೀಸರಿನಿಂದ ಹಿಡಿದು ತಂದಳು.
ಕುಡಿದ, ಬಾಯಿ ಒರೆಸಿದ,
ಎರಡೂ ಚೌಕ ಖಾಲಿ ಬಿಟ್ಟು
ಕಾಗದದ ಅಂಚಿನಲ್ಲಿ
ಬಲದಿಂದ ಎಡಕ್ಕೆ ಏನೋ ಬರೆದ.
ನಮ್ಮ ನಾಲ್ವರಲ್ಲಿ ಒಬ್ಬರಿಗೂ
ಅರಬ್ಬಿ ಓದಲು ಬರುತ್ತಿರಲಿಲ್ಲ.